ಕೂರಿಸುವ ‘ಸೆಟ್’, ಸಾಗುವ ‘ರನ್’: ಎರಡು ಪುಟ್ಟ ಇಂಗ್ಲಿಷ್ ಪದಗಳ ನೂರಾರು ಅರ್ಥಗಳು

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಹೊರಬಂತು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದದ್ದು ‘ಸೆಟ್’ ಎಂಬ ಪುಟ್ಟ ಕ್ರಿಯಾಪದ. ಸುಮಾರು 430 ಅರ್ಥಗಳು. ಅವನ್ನು ವಿವರಿಸಲು ಸುಮಾರು 60,000 ಪದಗಳು, ಅಂದರೆ ಒಂದು ಕಾದಂಬರಿಯಷ್ಟು ಬರಹ. 2011ರ ಹೊತ್ತಿಗೆ ಈ ಪಟ್ಟ ಅಷ್ಟೇ ಪುಟ್ಟದಾದ ಇನ್ನೊಂದು ಪದದ ಪಾಲಾಯಿತು. ಮೂರನೆಯ ಆವೃತ್ತಿಗಾಗಿ ‘ರನ್’ ಪದವನ್ನು ಪರಿಷ್ಕರಿಸಿದ ನಿಘಂಟುಕಾರ ಪೀಟರ್ ಗಿಲ್ಲಿವರ್ ಅದೊಂದಕ್ಕೇ ಒಂಬತ್ತು ತಿಂಗಳು ಕೂತರು. ಕೊನೆಗೆ ಕ್ರಿಯಾಪದವೊಂದರಲ್ಲೇ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕವು.

ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ನಮಗೆ ಇಂಥ ಸಂಖ್ಯೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ‘ರನ್ ಅಂದರೆ ಓಡು, ಸೆಟ್ ಅಂದರೆ ಇಡು’ ಎಂದು ಬಾಯಿಪಾಠ ಮಾಡಿದ್ದಕ್ಕೆ ಏನು ಬೆಲೆ ಉಳಿಯಿತು? ನನ್ನ ಮಟ್ಟಿಗೆ, ಸಾಕಷ್ಟು ಉಳಿಯಿತು. ಈ ಎರಡೂ ಪದಗಳಿಗೆ ಒಂದೊಂದು ಸ್ವಭಾವವಿದೆ. ಒಂದು ವಸ್ತುವನ್ನೋ ಸ್ಥಿತಿಯನ್ನೋ ಒಂದೆಡೆ ಇಟ್ಟು ಕೈ ತೆಗೆದುಬಿಡುವುದು, ಅನಂತರ ಅದು ಅಲ್ಲೇ ಗಟ್ಟಿಯಾಗಿ ಇರುವುದು ‘ಸೆಟ್’ ಸ್ವಭಾವ. ಹೊರಟದ್ದು ನಿಲ್ಲದೆ ಸಾಗುತ್ತಲೇ ಇರುವುದು ‘ರನ್’ ಸ್ವಭಾವ. ನೂರಾರು ಅರ್ಥಗಳಲ್ಲಿ ಬಹುಪಾಲು ಈ ಎರಡು ಸ್ವಭಾವಗಳ ಮಕ್ಕಳು, ಮೊಮ್ಮಕ್ಕಳು. ಆ ವಂಶಕ್ಕೆ ಸೇರದೆ ಹೊರಗಿನಿಂದ ಬಂದು ಸೇರಿಕೊಂಡವೂ ಇವೆ. ಅವುಗಳ ಕಥೆ ಇನ್ನೂ ಸ್ವಾರಸ್ಯದ್ದು.

ಬಟ್ಟೆಗೆ ಬಣ್ಣ ಹಾಕುವ ಕೆಲಸದಲ್ಲಿ ಈ ಎರಡೂ ಪದಗಳು ಎದುರುಬದುರಾಗಿ ನಿಲ್ಲುತ್ತವೆ. ಬಣ್ಣ ನೂಲಿಗೆ ಕಚ್ಚಿಕೊಂಡು ನಿಂತರೆ ಇಂಗ್ಲಿಷಿನಲ್ಲಿ ಅದು ‘ಸೆಟ್’ ಆಯಿತು. ಕಚ್ಚಿಕೊಳ್ಳದೆ ಮೊದಲ ಒಗೆತದಲ್ಲೇ ಪಕ್ಕದ ಬಿಳಿ ಪಂಚೆಗೂ ಹರಡಿದರೆ ಬಣ್ಣ ‘ರನ್’ ಆಯಿತು. ನಾವು ‘ಬಣ್ಣ ಬಿಡುತ್ತದೆ’ ಎನ್ನುತ್ತೇವೆ. ಗಡಿಯಾರದ ವಿಷಯದಲ್ಲೂ ಹಾಗೆಯೇ. ಮುಳ್ಳನ್ನು ಸರಿಯಾದ ಗಂಟೆಗೆ ತಂದು ನಿಲ್ಲಿಸುವುದು ‘ಸೆಟ್’. ಅಲ್ಲಿಂದ ಮುಂದೆ ಅದು ನಡೆಯುತ್ತಿರುವುದು ‘ರನ್’. ಕಂಪನಿಯೊಂದನ್ನು ಕಟ್ಟುವುದು ‘ಸೆಟ್ ಅಪ್’. ಅದನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋಗುವುದು ‘ರನ್’. ಕಥೆಯೊಂದನ್ನು ಒಂದು ಊರಿನಲ್ಲಿ, ಒಂದು ಕಾಲದಲ್ಲಿ ನೆಲೆಗೊಳಿಸಿದರೆ ಅದು ‘ಸೆಟ್’. ಅದೇ ಕಥೆ ಸಿನಿಮಾ ಆಗಿ ನೂರು ದಿನ ಓಡಿದರೆ ‘ರನ್’.

ಇಲ್ಲಿ ಒಂದು ಸರಳ ಪರೀಕ್ಷೆ ಸಾಧ್ಯ. ವಾಕ್ಯದ ಮುಂದೆ ‘ಯಾವಾಗ?’ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆಯೋ, ‘ಎಷ್ಟು ಕಾಲ?’ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆಯೋ ನೋಡಿ. ದಿನಾಂಕ ಗೊತ್ತುಪಡಿಸಿದ್ದು ಯಾವಾಗ, ದಾಖಲೆ ಸ್ಥಾಪಿಸಿದ್ದು ಯಾವಾಗ, ಬಲೆ ಒಡ್ಡಿದ್ದು ಯಾವಾಗ, ಮುರಿದ ಮೂಳೆಯನ್ನು ಕೂಡಿಸಿದ್ದು ಯಾವಾಗ: ಇವೆಲ್ಲ ‘ಸೆಟ್’ ಸೀಮೆ. ಯಂತ್ರ ಎಷ್ಟು ಹೊತ್ತು ನಡೆಯಿತು, ಸಿನಿಮಾ ಎಷ್ಟು ದಿನ ಓಡಿತು, ಗುತ್ತಿಗೆ ಎಷ್ಟು ವರ್ಷ ಜಾರಿಯಲ್ಲಿರುತ್ತದೆ: ಇವು ‘ರನ್’ ಸೀಮೆ. ಹೆಪ್ಪುಗಟ್ಟುವ ಮೊಸರು, ಗಟ್ಟಿಯಾಗುವ ಸಿಮೆಂಟು ಸಮಯ ತೆಗೆದುಕೊಳ್ಳುವುದು ನಿಜ. ಆದರೂ ಅಲ್ಲಿ ನಮ್ಮ ಗಮನವೆಲ್ಲ ಕೊನೆಗೆ ಬರುವ ಗಟ್ಟಿ ಸ್ಥಿತಿಯ ಮೇಲೆ ಇರುವುದರಿಂದ ಇಂಗ್ಲಿಷ್ ಅದನ್ನು ‘ಸೆಟ್’ ಎಂದೇ ಕರೆಯಿತು.

ಬೇರು ಎಲ್ಲಿದೆ?

‘ಸೆಟ್’ ಹುಟ್ಟಿದ್ದು ‘ಸಿಟ್’ ಎಂಬ ಪದದ ಮನೆಯಲ್ಲಿ. ಕನ್ನಡದಲ್ಲಿ ಕೂರು ಎಂಬುದಕ್ಕೆ ‘ಇಸು’ ಸೇರಿಸಿ ಕೂರಿಸು ಎಂಬ ಪ್ರೇರಣಾರ್ಥಕ ರೂಪ ಮಾಡಿಕೊಳ್ಳುತ್ತೇವಲ್ಲ, ಇಂಗ್ಲಿಷಿನ ಪೂರ್ವಜ ಭಾಷೆಗೂ ಅಂಥದೊಂದು ಪ್ರತ್ಯಯವಿತ್ತು. ಆ ಪ್ರತ್ಯಯ ಕಾಲಕ್ರಮದಲ್ಲಿ ಸವೆದು ಹೋಯಿತು. ಹೋಗುವ ಮುನ್ನ ಧಾತುವಿನೊಳಗಿನ ಸ್ವರವನ್ನು ಬದಲಾಯಿಸಿ ಹೋಯಿತು. ‘ಸಿಟ್’ ಎಂದರೆ ಕೂರು, ‘ಸೆಟ್’ ಎಂದರೆ ಕೂರಿಸು. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಮರವನ್ನು ಬೀಳಿಸು. ‘ಲೈ’ ಎಂದರೆ ಮಲಗು, ‘ಲೇ’ ಎಂದರೆ ಮಲಗಿಸು. ನಮ್ಮಲ್ಲಿ ಹಗಲು ಬೆಳಕಿನಷ್ಟು ಸ್ಪಷ್ಟವಾಗಿರುವ ಈ ನಿಯಮ ಅಲ್ಲಿ ಬೂದಿಯ ಕೆಳಗಿನ ಕೆಂಡ. ಇಂಗ್ಲಿಷ್ ಮಾತೃಭಾಷೆಯವರೂ ‘ಲೈ’, ‘ಲೇ’ಗಳ ನಡುವೆ ತಡವರಿಸುವುದು ಇದೇ ಕಾರಣಕ್ಕೆ.

ಹಾಗಾದರೆ ಸೂರ್ಯ ಮುಳುಗುವುದು ‘ಸೆಟ್’ ಆದದ್ದು ಹೇಗೆ? ಅಲ್ಲಿ ಯಾರು ಯಾರನ್ನು ಕೂರಿಸಿದರು? ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ ‘ಸೆಟ್ಲ್‌ಗಂಗ್’ ಎಂಬ ಸಮಾಸವಿತ್ತು. ಅದರ ಅರ್ಥ ಆಸನಕ್ಕೆ ಹೋಗುವುದು. ದಿನವಿಡೀ ಆಕಾಶದಲ್ಲಿ ತಿರುಗಿದ ಸೂರ್ಯ ಸಂಜೆ ತನ್ನ ಪೀಠಕ್ಕೆ ಮರಳಿ ಕೂರುತ್ತಾನೆ ಎಂಬ ಕಲ್ಪನೆ. ಕೂರುವ ಸೂರ್ಯನ ನೆನಪು ‘ಸೆಟ್’ ಪದಕ್ಕೆ ಅಂಟಿಕೊಂಡೇ ಉಳಿಯಿತು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಪರಿಚಯದವರೇ ಸಿಗುತ್ತಾರೆ. ಇಂಗ್ಲಿಷ್, ಸಂಸ್ಕೃತ ಎರಡೂ ಇಂಡೋ-ಯುರೋಪಿಯನ್ ಕುಟುಂಬದವು. ‘ಸಿಟ್’, ‘ಸೆಟ್’ಗಳ ಮೂಲವೂ ಸಂಸ್ಕೃತದ ‘ಸದ್’ ಧಾತುವಿನ ಮೂಲವೂ ಒಂದೇ. ಸದನ, ಸದಸ್ಯ, ಸಂಸತ್ತು, ಪರಿಷತ್ತು, ಉಪನಿಷತ್ತು: ಇವೆಲ್ಲದರೊಳಗೂ ಕೂರುವ ಕ್ರಿಯೆ ಇದೆ. ಕನ್ನಡ ದ್ರಾವಿಡ ಕುಟುಂಬದ ಭಾಷೆಯಾದ್ದರಿಂದ ನಮ್ಮ ‘ಕೂರು’ ಈ ಬಳಗಕ್ಕೆ ಸೇರುವುದಿಲ್ಲ. ಆದರೆ ಸಂಸ್ಕೃತದಿಂದ ಪಡೆದ ಪದಗಳ ಮೂಲಕ ಈ ಬಳಗ ದಿನವೂ ಕನ್ನಡ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ‘ರನ್’ ಪದಕ್ಕೂ ಇಂಥ ನೆಂಟರಿದ್ದಾರೆ. ಅದರ ಮೂಲಾರ್ಥ ಹರಿ, ಚಲಿಸು. ಯುರೋಪಿನ ರೈನ್ ನದಿಯ ಹೆಸರನ್ನೂ ಸಂಸ್ಕೃತದಲ್ಲಿ ಹರಿವನ್ನು ಸೂಚಿಸುವ ‘ರೀ’ ಧಾತುವನ್ನೂ ಭಾಷಾ ಇತಿಹಾಸಕಾರರು ಇದೇ ಮೂಲಕ್ಕೆ ಒಯ್ಯುತ್ತಾರೆ. ಆ ಧಾತುವಿನಿಂದ ಬಂದದ್ದು ‘ರೀತಿ’. ಸಂಸ್ಕೃತದಲ್ಲಿ ಅದಕ್ಕೆ ಪ್ರವಾಹ, ಸಾಗುವ ದಾರಿ ಎಂಬ ಅರ್ಥಗಳಿದ್ದವು. ಕ್ರಮ, ಶೈಲಿ ಎಂಬ ಅರ್ಥಗಳು ಅದರ ಬೆಳವಣಿಗೆ.

ಹರಿವಿನಿಂದ ಶುರುವಾದ ‘ರನ್’ ಪದಕ್ಕೆ ಇಷ್ಟೊಂದು ಅರ್ಥಗಳು ಕೂಡಿಕೊಳ್ಳಲು ಒಂದು ವ್ಯಾಕರಣದ ಕಾರಣವೂ ಇದೆ. ಹಳೆಯ ಇಂಗ್ಲಿಷಿನಲ್ಲಿ ತಾನೇ ಓಡುವುದಕ್ಕೆ ಒಂದು ರೂಪ, ಕುದುರೆಯನ್ನು ಓಡಿಸುವುದಕ್ಕೆ ಇನ್ನೊಂದು ರೂಪ ಬೇರೆಬೇರೆಯಾಗಿದ್ದವು. ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಭಾಷೆಯ ಸಮಾನಪದಗಳೂ ಇವುಗಳ ಜೊತೆ ಬೆರೆತವು. ಕೊನೆಗೆ ಎಲ್ಲವೂ ಸೇರಿ ಒಂದೇ ‘ರನ್’ ಆಯಿತು. ಕನ್ನಡ ಇಂಥ ಬೆರಕೆಗೆ ಒಪ್ಪಿಲ್ಲ. ಓಡು–ಓಡಿಸು, ಹರಿ–ಹರಿಸು, ನಡೆ–ನಡೆಸು ಎಂದು ನಾವು ಜೋಡಿಗಳನ್ನು ಕಾಪಾಡಿಕೊಂಡಿದ್ದೇವೆ. ನಮ್ಮ ಈ ಆರು ಕ್ರಿಯಾಪದಗಳ ಕೆಲಸವನ್ನು ಇಂಗ್ಲಿಷಿನಲ್ಲಿ ಒಂದೇ ಪದ ಮಾಡುತ್ತದೆ. ಹುಡುಗ ಓಡಿದರೂ, ಬಸ್ಸನ್ನು ಓಡಿಸಿದರೂ, ನದಿ ಹರಿದರೂ, ತೊಟ್ಟಿಗೆ ನೀರು ಹರಿಸಿದರೂ, ಯಂತ್ರ ನಡೆದರೂ, ಅಂಗಡಿ ನಡೆಸಿದರೂ ‘ರನ್’. ಅಂಗಡಿಯನ್ನು ನಾವು ನಡೆಸುತ್ತೇವೆ, ಅವರು ಓಡಿಸುತ್ತಾರೆ. ಕನ್ನಡದ ‘ನಡೆಸು’ ನನಗೆ ಹೆಚ್ಚು ಇಷ್ಟ. ದಿನನಿತ್ಯದ ಸಂಸಾರಕ್ಕೆ ಓಟಕ್ಕಿಂತ ನಡಿಗೆಯೇ ಹೊಂದುತ್ತದೆ.

ಇಂಗ್ಲೆಂಡಿನಲ್ಲಿ ಕೈಗಾರಿಕೆ ಬೆಳೆದು ಗಿರಣಿ, ಉಗಿಯಂತ್ರ, ರೈಲುಗಳು ಬಂದ ಕಾಲದಲ್ಲಿ ಎಲ್ಲಕ್ಕೂ ಸಿದ್ಧವಾಗಿ ಸಿಕ್ಕಿದ್ದು ಇದೇ ಕ್ರಿಯಾಪದ. ಆಮೇಲೆ ಮೋಟಾರು, ಆಮೇಲೆ ಕಂಪ್ಯೂಟರ್. ನಿಲ್ಲದೆ ಚಲಿಸುವ ಹೊಸ ವಸ್ತು ಬಂದಾಗಲೆಲ್ಲ ‘ರನ್’ ಖಾತೆಗೆ ಇನ್ನೊಂದು ಅರ್ಥ ಜಮೆಯಾಯಿತು.

ಈಗ ಹೊರಗಿನಿಂದ ಬಂದ ನೆಂಟನ ವಿಷಯ. ಹೋಟೆಲಿನಲ್ಲಿ ಒಂದು ತಟ್ಟೆಯಲ್ಲಿ ಜೊತೆಯಾಗಿ ಬರುವ ಸೆಟ್ ದೋಸೆ, ಮೋಟಾರು ಮತ್ತು ಪಂಪು ಜೊತೆಗೂಡಿದ ಪಂಪ್‌ಸೆಟ್, ಸೋಫಾ ಸೆಟ್: ಇಲ್ಲೆಲ್ಲ ‘ಸೆಟ್’ ಎಂದರೆ ಗುಂಪು, ಜೊತೆ. ಇದು ಕೂರಿಸುವ ‘ಸೆಟ್’ ಅಲ್ಲ. ಇದರ ಹಾದಿ ಹಳೆಯ ಫ್ರೆಂಚ್ ಭಾಷೆಯ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ ಪದಕ್ಕೆ ಹೋಗುತ್ತದೆ. ಅದರ ಅರ್ಥ ಅನುಸರಿಸುವವರ ಬಳಗ, ಪಂಥ. ‘ಅನುಸರಿಸು’ ಎಂಬ ಕ್ರಿಯೆಯಿಂದ ಬಂದದ್ದು. ಇಂಗ್ಲಿಷಿಗೆ ಬಂದ ಮೇಲೆ ದನಿ ಒಂದೇ ಆಗಿದ್ದರಿಂದ, ಜೋಡಿಸಿ ಇಟ್ಟದ್ದೂ ಗುಂಪೇ ಎಂಬ ಭಾವನೆಯಿಂದ, ಎರಡೂ ಒಂದರೊಳಗೊಂದು ಬೆರೆತವು. ಗಣಿತದ ‘ಸೆಟ್’ ಕೂಡ ಗುಂಪಿನ ಅರ್ಥದ್ದೇ. ಗೇಯಾರ್ಗ್ ಕಾಂಟೋರ್ ಕಟ್ಟಿದ ಸಿದ್ಧಾಂತಕ್ಕೆ ಇಂಗ್ಲಿಷಿನಲ್ಲಿ ನೆಲೆಯಾದ ಹೆಸರು ಅದು. ನಮ್ಮ ಪಠ್ಯಪುಸ್ತಕಗಳು ಅದನ್ನು ಗೊಂದಲಕ್ಕೆ ಎಡೆಯಿಲ್ಲದಂತೆ ‘ಗಣ’ ಎಂದವು.

ಹೀಗೆ ಒಂದೇ ಬೇರಿನಿಂದ ಕವಲೊಡೆದ ಅರ್ಥಗಳು ಒಂದು ಬಗೆ. ಬೇರೆಬೇರೆ ಬೇರಿನ ಪದಗಳು ಕಾಕತಾಳೀಯವಾಗಿ ಒಂದೇ ರೂಪ ತಳೆಯುವುದು ಇನ್ನೊಂದು ಬಗೆ. ಕನ್ನಡದಲ್ಲಿ ನದಿಯ ‘ಹರಿ’ಗೂ ವಿಷ್ಣುವಿನ ಹೆಸರಾದ ‘ಹರಿ’ಗೂ ಸಂಬಂಧವಿಲ್ಲ; ಒಂದು ಅಚ್ಚಗನ್ನಡ, ಇನ್ನೊಂದು ಸಂಸ್ಕೃತ. ಅದೇ ‘ತಿನ್ನು’ ಪದವನ್ನು ನೋಡಿ. ಇಡ್ಲಿ ತಿನ್ನುವುದು, ಲಂಚ ತಿನ್ನುವುದು, ತಲೆ ತಿನ್ನುವುದು, ಏಟು ತಿನ್ನುವುದು: ಇವೆಲ್ಲ ಒಂದೇ ಬೇರಿನವು.

ಎಣಿಸುವುದು ಹೇಗೆ?

ಒಂದೇ ಬೇರಿನ ಅರ್ಥಗಳಲ್ಲಿ ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ತೀರ್ಮಾನಿಸುವುದೇ ನಿಘಂಟುಕಾರನ ನಿಜವಾದ ಕಷ್ಟ. ಅದಕ್ಕೊಂದು ಹಳೆಯ ಉಪಾಯವಿದೆ. ಎರಡು ಬಳಕೆಗಳನ್ನು ಒಂದೇ ಕ್ರಿಯಾಪದಕ್ಕೆ ಕಟ್ಟಿ ನೋಡುವುದು. ‘ಅವನು ಇಡ್ಲಿಯನ್ನೂ ವಡೆಯನ್ನೂ ತಿಂದ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ‘ಅವನು ಇಡ್ಲಿಯನ್ನೂ ಲಂಚವನ್ನೂ ತಿಂದ’ ಎಂದರೆ ಕೇಳಿದವರು ನಗುತ್ತಾರೆ. ಆ ನಗೆ ಬಂದ ಕಡೆ ಅರ್ಥದ ಗೆರೆ ದಾಟಿದ್ದೇವೆ ಎಂದು ತಿಳಿಯಬಹುದು. ಇಂಗ್ಲಿಷಿನಲ್ಲೂ ಒಬ್ಬ ಓಟದ ಪಂದ್ಯವನ್ನೂ ಕಾರ್ಖಾನೆಯನ್ನೂ ಒಂದೇ ‘ರನ್’ಗೆ ಕಟ್ಟಿ ಹೇಳಿದರೆ ವಾಕ್ಯ ಕುಂಟುತ್ತದೆ. ಆದರೆ ಈ ಪರೀಕ್ಷೆ ಎಲ್ಲ ಕಡೆ ಖಚಿತ ಉತ್ತರ ಕೊಡುವುದಿಲ್ಲ. ರೈಲು ಓಡುವುದು, ಬಸ್ಸು ಓಡುವುದು ಒಂದೇ ಅರ್ಥವೇ? ಎಂಜಿನ್ ನಡೆಯುವುದು, ಫ್ರಿಜ್ ನಡೆಯುವುದು ಒಂದೇ ಅರ್ಥವೇ? ಒಬ್ಬ ಸಂಪಾದಕ ಒಂದೆನ್ನಬಹುದು, ಇನ್ನೊಬ್ಬ ಎರಡೆನ್ನಬಹುದು.

ಹಾಗಾಗಿ 430 ಮತ್ತು 645 ಎಂಬ ಅಂಕಿಗಳನ್ನು ಪಂದ್ಯದ ಸ್ಕೋರಿನಂತೆ ಓದಬಾರದು. ‘ಸೆಟ್’ ನಮೂದಿನ ಅಡಿಪಾಯ ಸಿದ್ಧವಾದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಹೆನ್ರಿ ಬ್ರಾಡ್ಲಿಯ ಸಂಪಾದಕತ್ವದಲ್ಲಿ. ಆಗ ಇದ್ದ ಆಕರವೆಂದರೆ ಓದುಗರು ಪುಸ್ತಕಗಳಿಂದ ಚೀಟಿಗಳ ಮೇಲೆ ಬರೆದು ಕಳುಹಿಸಿದ ಉದಾಹರಣೆ ವಾಕ್ಯಗಳು. 1989ರ ಆವೃತ್ತಿ ಬಹುಮಟ್ಟಿಗೆ ಆ ಹಳೆಯ ನಮೂದುಗಳಿಗೆ ಹೊಸ ಸಾಮಗ್ರಿಯನ್ನು ಸೇರಿಸಿದ್ದೇ ಹೊರತು ಬುಡದಿಂದ ಬರೆದದ್ದಲ್ಲ. ‘ರನ್’ ಮಾತ್ರ ಇಪ್ಪತ್ತೊಂದನೆಯ ಶತಮಾನದಲ್ಲಿ, ಕಂಪ್ಯೂಟರಿನಲ್ಲಿ ಹುಡುಕಬಹುದಾದ ಅಪಾರ ಪಠ್ಯರಾಶಿಯ ಬೆಂಬಲದಿಂದ ಹೊಸದಾಗಿ ಸಿದ್ಧವಾಯಿತು. ಹಳೆಯ ಅಳತೆಗೋಲಿನ ಲೆಕ್ಕವನ್ನು ಹೊಸ ಅಳತೆಗೋಲಿನ ಲೆಕ್ಕದ ಪಕ್ಕ ಇಟ್ಟು ‘ಸೋತಿತು, ಗೆದ್ದಿತು’ ಎಂದು ಬರೆಯುವುದು ‘ಸೆಟ್’ಗೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಒಂದು ಅರ್ಥದಿಂದ ಇನ್ನೊಂದು ಹೇಗೆ ಚಿಗುರುತ್ತದೆ ಎಂಬುದನ್ನು ನೋಡಲು ಕ್ರಿಕೆಟ್ ಸಾಕು. ಬ್ಯಾಟರ್‌ಗಳು ಪಿಚ್ಚಿನ ಒಂದು ತುದಿಯಿಂದ ಇನ್ನೊಂದಕ್ಕೆ ನಿಜವಾಗಿಯೂ ಓಡುತ್ತಿದ್ದರಿಂದ ಅದು ‘ರನ್’ ಆಯಿತು. ಮೆಲ್ಲಗೆ ಓಟದ ಹೆಸರು ಅಂಕದ ಹೆಸರಾಯಿತು. ಈಗ ಸಿಕ್ಸರ್ ಹೊಡೆದವನು ಒಂದು ಹೆಜ್ಜೆಯನ್ನೂ ಓಡದೆ ಆರು ರನ್ ಗಳಿಸುತ್ತಾನೆ, ವೈಡ್ ಎಸೆತಕ್ಕೆ ಯಾರೂ ಕದಲದೆ ತಂಡದ ಖಾತೆಗೆ ರನ್ ಬೀಳುತ್ತದೆ. ಪದ ಕಾಲುಗಳನ್ನು ಬಿಟ್ಟು ಸ್ಕೋರ್‌ಬೋರ್ಡ್ ಸೇರಿತು. ಅದೇ ಮೈದಾನದಲ್ಲಿ ‘ಸೆಟ್’ ಕೂಡ ಇದೆ. ನಾಯಕ ಫೀಲ್ಡರ್‌ಗಳನ್ನು ಅವರವರ ಜಾಗದಲ್ಲಿ ನಿಲ್ಲಿಸುವುದು ಫೀಲ್ಡ್ ಸೆಟ್ ಮಾಡುವುದು. ಚೆಂಡಿನ ವೇಗ, ಪುಟಿತಗಳಿಗೆ ಕಣ್ಣು ಹೊಂದಿಸಿಕೊಂಡು ಕ್ರೀಸಿಗೆ ಕಚ್ಚಿಕೊಂಡವನು ಸೆಟ್ ಆದ ಬ್ಯಾಟರ್. ಅವನು ಸೆಟ್ ಆದಮೇಲೆ ರನ್ ಹರಿದು ಬರುತ್ತವೆ ಎಂದು ಕನ್ನಡದ ವೀಕ್ಷಕ ವಿವರಣೆಗಾರರು ಹೇಳುವಾಗ ಎರಡೂ ಪದಗಳ ಮೂಲ ಸ್ವಭಾವ ಹೊರಬೀಳುತ್ತದೆ.

ಚಲನೆಯೇ ಇಲ್ಲದ ಕಡೆಗೂ ‘ರನ್’ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 48 ದೆಹಲಿಯಿಂದ ಮುಂಬೈ, ಬೆಂಗಳೂರು ಹಾದು ಚೆನ್ನೈವರೆಗೆ ‘ರನ್’ ಆಗುತ್ತದೆ ಎನ್ನುತ್ತದೆ ಇಂಗ್ಲಿಷ್. ರಸ್ತೆ ಇದ್ದಲ್ಲೇ ಇದೆ. ಅದರ ಉದ್ದಕ್ಕೂ ಓಡುವುದು ನೋಡುವವರ ಕಣ್ಣು. ಕನ್ನಡವೂ ‘ರಸ್ತೆ ಊರೊಳಗೆ ಹಾದುಹೋಗುತ್ತದೆ’ ಎನ್ನುವಾಗ ಇದನ್ನೇ ಮಾಡುತ್ತದೆ. ವಂಶದಲ್ಲಿ ಬಂದ ಗುಣಕ್ಕೂ ಇಂಗ್ಲಿಷಿನಲ್ಲಿ ‘ರನ್’. ನಾವು ರಕ್ತದಲ್ಲಿ ಹರಿದು ಬಂದದ್ದು ಎನ್ನುತ್ತೇವೆ. ಮೂಗಿನ ವಿಷಯಕ್ಕೆ ಬಂದಾಗ ಮಾತ್ರ ಅವರದು ಹರಿಯುತ್ತದೆ, ನಮ್ಮದು ಸೋರುತ್ತದೆ.

ಅಕ್ಕಪಕ್ಕದ ಪದಗಳು

ಕಲಿಯುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಪದಗಳ ಪಕ್ಕ ಯಾರು ಕೂತಿದ್ದಾರೆ ಎಂದು ನೋಡುವ ಅಭ್ಯಾಸ. ಗುಣವಾಚಕಗಳು ಬಂದಾಗ ಒಂದು ಸೊಗಸಾದ ವ್ಯತ್ಯಾಸ ಕಾಣುತ್ತದೆ. ‘ಸೆಟ್’ ಜೊತೆ ಬರುವುದು ಯಾರೋ ಬೇಕೆಂದೇ ತಂದ ಸ್ಥಿತಿ: ಬಂಧನದಿಂದ ಬಿಡಿಸಿದರೆ ‘ಸೆಟ್ ಫ್ರೀ’, ತಪ್ಪನ್ನು ಸರಿಪಡಿಸಿದರೆ ‘ಸೆಟ್ ರೈಟ್’. ‘ರನ್’ ಜೊತೆ ಬರುವುದು ಸಾಮಾನ್ಯವಾಗಿ ಕೈ ಮೀರಿದ ಸ್ಥಿತಿ: ಬಾವಿ ಬತ್ತಿದರೆ ‘ರನ್ ಡ್ರೈ’, ದಾಸ್ತಾನು ಮುಗಿಯುತ್ತ ಬಂದರೆ ‘ರನ್ ಲೋ’, ಮಕ್ಕಳು ಲಂಗುಲಗಾಮಿಲ್ಲದೆ ಕುಣಿದರೆ ‘ರನ್ ವೈಲ್ಡ್’. ಒಂದರ ಹಿಂದೆ ಕೈ ಇದೆ, ಇನ್ನೊಂದು ತನ್ನ ಪಾಡಿಗೆ ಹರಿದು ಹೋಗುತ್ತದೆ.

ಅಪ್, ಡೌನ್, ಔಟ್, ಇನ್ ಮುಂತಾದ ಚಿಕ್ಕ ಜೊತೆಪದಗಳು ಸೇರಿದಾಗ ಕಷ್ಟ ಹೆಚ್ಚು. ‘ಸೆಟ್ ಡೌನ್’ ಎಂದರೆ ಕೆಳಗಿಡು, ಬರೆದಿಡು. ‘ರನ್ ಡೌನ್’ ಎಂದರೆ ಬ್ಯಾಟರಿ ಖಾಲಿಯಾಗು, ವಾಹನ ಗುದ್ದಿ ಬೀಳಿಸು, ಯಾರನ್ನಾದರೂ ಹೀಗಳೆ. ‘ರನ್ ಅಪ್’ ಅಂಗಡಿಯ ಸಾಲಕ್ಕೆ ಹೊಂದಿದರೆ, ದಿನದಿನಕ್ಕೆ ಏರುತ್ತ ಹೋದ ಬಾಕಿ. ‘ಸೆಟ್ ಇನ್’ ಎಂದರೆ ಬಂದು ನೆಲೆಯೂರು. ಕೇರಳಕ್ಕೆ ಮುಂಗಾರು ಬಂತೆಂದು ಭಾರತೀಯ ಹವಾಮಾನ ಇಲಾಖೆ ಘೋಷಿಸುವಾಗ ಬಳಸುವುದು ಇದೇ ಬಳಗದ ‘ಆನ್‌ಸೆಟ್’. ಅದಕ್ಕೆ ಇಲಾಖೆಯ ಲೆಕ್ಕದಲ್ಲಿ ವಾಡಿಕೆಯ ದಿನ ಜೂನ್ 1. ಒಂದೆರಡು ಹನಿ ಬಿದ್ದು ಹೋದರೆ ಅದು ಸೆಟ್ ಇನ್ ಆಗುವುದಿಲ್ಲ. ಕನ್ನಡದಲ್ಲಿ ‘ಮಳೆ ಹಿಡಿಯಿತು’ ಎನ್ನುವಾಗಲೂ ಇದೇ ತಾತ್ಪರ್ಯ.

ಚುನಾವಣೆಯ ವಿಷಯದಲ್ಲಿ ಇಂಗ್ಲಿಷೇ ಎರಡಾಗಿ ಒಡೆದಿದೆ. ಅಮೆರಿಕದ ಅಭ್ಯರ್ಥಿ ಅಧಿಕಾರಕ್ಕಾಗಿ ‘ರನ್’ ಮಾಡುತ್ತಾನೆ. ಬ್ರಿಟನ್ನಿನ ಅಭ್ಯರ್ಥಿಗೆ ಹಳೆಯ ರೂಢಿಯ ಪ್ರಕಾರ ‘ಸ್ಟ್ಯಾಂಡ್’, ಅಂದರೆ ನಿಲ್ಲುವುದು. ನಮ್ಮ ಅಭ್ಯರ್ಥಿಗಳೂ ಚುನಾವಣೆಗೆ ನಿಲ್ಲುತ್ತಾರೆ. ಅಮೆರಿಕದ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಅಲ್ಲಿಯ ‘ರನ್’ ಅನ್ನು ‘ಸ್ಪರ್ಧಿಸು’ ಎಂದೋ ‘ಕಣಕ್ಕಿಳಿ’ ಎಂದೋ ಬರೆಯುತ್ತೇವೆ, ಓಟ ಕಾಣೆಯಾಗುತ್ತದೆ, ಏನೂ ನಷ್ಟವಿಲ್ಲ.

ಹೇಳಿದ ಸ್ವಭಾವಕ್ಕೆ ಒಗ್ಗದ ಬಳಕೆಗಳೂ ಇವೆ. ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ‘ಸೆಟ್ ಔಟ್’, ‘ಸೆಟ್ ಆಫ್’. ಕೂರಿಸುವ ಪದ ಪ್ರಯಾಣ ಹೊರಡುವುದಕ್ಕೆ ಹೇಗೆ ಬಂತು? ಗಮನವಿಟ್ಟು ನೋಡಿದರೆ ಅದು ಪ್ರಯಾಣವನ್ನು ಹೇಳುವುದೇ ಇಲ್ಲ, ಮನೆ ಬಿಟ್ಟು ದಾರಿಗೆ ಕಾಲಿಟ್ಟ ಕ್ಷಣವನ್ನಷ್ಟೇ ಹೇಳುತ್ತದೆ. ಯಾವಾಗ ಎಂಬ ಪ್ರಶ್ನೆಗೆ ಅಲ್ಲಿಯೂ ಉತ್ತರ ಸಿಗುತ್ತದೆ. ‘ರನ್ ಇಂಟು’ ಮಾತ್ರ ಈ ಪರೀಕ್ಷೆಗೂ ಜಗ್ಗುವುದಿಲ್ಲ. ಸಂತೆಯಲ್ಲಿ ಹಳೆಯ ಗೆಳೆಯ ಅಚಾನಕ್ಕಾಗಿ ಎದುರಾದರೆ ಇಂಗ್ಲಿಷಿನಲ್ಲಿ ಅದು ‘ರನ್ ಇಂಟು’. ಅಲ್ಲಿ ಯಾರೂ ಓಡಿಲ್ಲ, ಏನೂ ಹರಿದಿಲ್ಲ, ಘಟನೆ ಒಂದು ಕ್ಷಣದ್ದು. ಹಡಗು ಸಾಗುತ್ತಾ ಬಂಡೆಗೆ ತಾಗುವಂತೆ, ತನ್ನ ಪಾಡಿಗೆ ಹೋಗುತ್ತಿದ್ದವನಿಗೆ ಇನ್ನೊಬ್ಬ ಅಡ್ಡ ಸಿಕ್ಕ ಎಂದು ವಿವರಿಸಬಹುದು. ಆದರೆ ಕಲಿಯುವವರು ವಿವರಣೆಗೆ ಕಾಯದೆ ಇಂಥವನ್ನು ಇಡಿಯಾಗಿ ನೆನಪಿಟ್ಟುಕೊಳ್ಳುವುದೇ ವಾಸಿ.